ಜಪಾನೀ ಹೆಸರಿಗಷ್ಟೇ ಓಗೊಡುವ ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಆಪ್ತಸಲಹೆಗೆ ನಮ್ಮಲ್ಲಿಗೆ ಬಂದ ಯುವಕನಿಗೆ 24 ವರ್ಷ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಅನಿಮೆ (ಜಪಾನೀ ಆನಿಮೇಷನ್ ಚಿತ್ರ) ನೋಡುತ್ತ ಹತ್ತಿದ ಜಪಾನಿನ ಹುಚ್ಚು ಎರಡೇ ವರ್ಷದಲ್ಲಿ ಮನೆಯವರಿಗೆಲ್ಲ ತಲೆನೋವಾಗಿತ್ತು. ತಾನೇ ಇಟ್ಟುಕೊಂಡ ಜಪಾನೀ ಹೆಸರಿನಿಂದ ಕರೆದರಷ್ಟೇ ಓಗೊಡುತ್ತಿದ್ದ. ಸುತ್ತಲಿನವರೆಲ್ಲ ಅವನ ಬಾಯಲ್ಲಿ ‘ಶಿಸ್ತಿಲ್ಲದ ಜನ’. ಕೆಲಸ ಬಿಟ್ಟು ಜಪಾನಿನ ಭಾಷಾಶಾಲೆಗೆ ಹೊರಟಾಗ ತಂದೆ ಸಿಟ್ಟಿಗೆದ್ದು ಅವನ ಮಾಂಗಾ (ಜಪಾನೀ ಚಿತ್ರಕಥೆ) ಪುಸ್ತಕಗಳನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಹಾಕಿದರು. ಅಂದಿನಿಂದ ಮಗನ ಊಟವೂ ಕೋಣೆಯಲ್ಲೇ.

ಇಂಥವರಲ್ಲಿ ಮೊದಲು ವಿಚಾರಿಸಬೇಕಾದದ್ದು ನಿದ್ದೆ, ಊಟ, ಸಾಲ. ನಿದ್ದೆಯಿಲ್ಲದೆಯೂ ಉಕ್ಕುವ ಹುರುಪು, ಇಲ್ಲದ ದನಿ ಕೇಳಿಸುವುದು, ತಾನು ಆ ದೇಶದಲ್ಲೇ ಹುಟ್ಟಿದವನೆಂಬ ಅಲುಗಾಡದ ನಂಬಿಕೆ ಕಂಡರೆ ಮನೋವೈದ್ಯರಲ್ಲಿಗೆ ಕಳಿಸಬೇಕು. ಇಲ್ಲಿ ಅವು ಯಾವುವೂ ಇರಲಿಲ್ಲ. ಪರಸಂಸ್ಕೃತಿಯ ಮೋಹವೊಂದೇ ಇದ್ದರೆ ಅದು ರೋಗವಲ್ಲ.

‘ಯಾಕೆ ಇಷ್ಟ’ ಎಂದು ಕೇಳಿದರೆ ಸಿಗುವುದು ಕಂಠಪಾಠದ ಉತ್ತರ. ‘ಯಾವಾಗ ಶುರುವಾಯಿತು’ ಎಂದು ಕೇಳಿದಾಗ, ಕಚೇರಿಯಲ್ಲಿ ಎಲ್ಲರೆದುರು ಅವಮಾನವಾದ ತಿಂಗಳಿಗೆ ಬಂದು ನಿಂತ. ಹಾಳೆಯಲ್ಲಿ ಮೂರು ಅಂಕಣ ಎಳೆದುಕೊಟ್ಟೆವು: ಇಷ್ಟವಾದದ್ದು, ಅದರಿಂದ ಸಿಗುವ ಭಾವ, ಅದೇ ಭಾವ ಹಿಂದೆ ಎಲ್ಲಿ ಸಿಕ್ಕಿತ್ತು. ಎರಡನೇ ಅಂಕಣದ ತುಂಬ ‘ಅಲ್ಲಿ ಯಾರೂ ಅಣಕಿಸುವುದಿಲ್ಲ’ ಎಂಬುದರದೇ ನಾನಾ ರೂಪ.

ಸಂಸ್ಕೃತಿ ಬದಲಿಸುವವರ ಬಗ್ಗೆ ಮನೋವಿಜ್ಞಾನಿ ಜಾನ್ ಬೆರ್ರಿ ಎರಡು ಪ್ರಶ್ನೆ ಇಡುತ್ತಾರೆ: ತನ್ನದನ್ನು ಉಳಿಸಿಕೊಳ್ಳುವುದೆ, ಹೊಸಬರೊಡನೆ ಬೆರೆಯುವುದೆ? ಇವನು ಮೊದಲನೆಯದನ್ನು ಬಿಟ್ಟಿದ್ದ, ಎರಡನೆಯದನ್ನು ಶುರುವೇ ಮಾಡಿರಲಿಲ್ಲ. ಪರಿಚಯದ ಜಪಾನೀಯರು ಒಬ್ಬರೂ ಇಲ್ಲ! ಜಪಾನೀ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಕೆಳಗಿನಿಂದ ಎರಡನೆಯದಾದ ಎನ್4 ಹಂತ ಪಾಸಾಗಿತ್ತು ನಿಜ, ಆದರೆ ಅದರಲ್ಲಿ ಮಾತನಾಡುವ ಭಾಗವೇ ಇಲ್ಲ.

ಆದ್ದರಿಂದ ಮೋಹ ಬಿಡಿಸುವ ಗೋಜಿಗೆ ಹೋಗದೆ, ಅದನ್ನು ದಿನಬಳಕೆಯ ಜಪಾನಿನ ಎದುರು ನಿಲ್ಲಿಸಿದೆವು. ವಾರಕ್ಕೆ ಮೂರು ಸಲ, ಅರ್ಧ ಗಂಟೆ, ಜಪಾನೀಯರೊಬ್ಬರ ಜೊತೆ ಆನ್‌ಲೈನ್ ಮಾತುಕತೆ. ಅನಿಮೆ ವಿಷಯ ಬೇಡ. ಬಾಡಿಗೆ ಕರಾರು, ಕಸ ವಿಂಗಡಣೆ, ಕಚೇರಿಯ ಹೊತ್ತುಮೀರಿದ ದುಡಿತ ಇವಷ್ಟೇ. ಭಾಷಾಶಾಲೆಯ ಖರ್ಚಿನ ಲೆಕ್ಕ ಅವನೇ ಹಾಕಲಿ ಎಂದೆವು. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದರೂ ಶಾಲೆ ನಡೆಯುವಾಗ ವಾರಕ್ಕೆ 28 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಶುಲ್ಕ, ಬಾಡಿಗೆ ಎರಡೂ ಅದರಲ್ಲೇ ತೂಗುತ್ತವೆಂದು ನಂಬಿದ್ದವನಿಗೆ ಲೆಕ್ಕ ಕೂಡಿಬರಲಿಲ್ಲ.

‘ಪ್ಯಾರಿಸ್ ಸಿಂಡ್ರೋಮ್’ ಬಗ್ಗೆಯೂ ಹೇಳಿದೆವು. ಕನಸಿನ ಪ್ಯಾರಿಸ್ ಕಾಣದೆ ಕುಸಿದವರನ್ನು ಕುರಿತು ಮನೋವೈದ್ಯ ಹಿರೋಆಕಿ ಓತಾ ಕೊಟ್ಟ ಹೆಸರಿದು. ಕುಸಿದವರು ಜಪಾನೀಯರೇ ಎಂದು ತಿಳಿದಾಗ ಅವನು ಮೊದಲ ಬಾರಿಗೆ ನಕ್ಕ.

ತಂದೆತಾಯಿಗೆ ಹೇಳಿದ್ದು: ಪುಸ್ತಕ ಇಂದೇ ಇಳಿಸಿಕೊಡಿ. ಕಿತ್ತುಕೊಂಡಷ್ಟೂ ಹಟ ಬಲಿಯುತ್ತದೆ, ಏಕೆಂದರೆ ಕಿತ್ತುಕೊಂಡದ್ದು ಅವನ ಆಸರೆಯನ್ನು. ವಾರಕ್ಕೆ 20 ನಿಮಿಷ ಅವನಿಂದ ಏನಾದರೊಂದು ಕಲಿಯಿರಿ. ನೀವು ಇಟ್ಟ ಹೆಸರಿನಿಂದಲೇ ಕರೆಯಿರಿ, ಅವನು ಇಟ್ಟುಕೊಂಡ ಹೆಸರನ್ನು ಅಣಕಿಸಬೇಡಿ.

ಹೆಸರಿನ ಗಂಟು ಬಿಚ್ಚಿದ್ದು ಮಾತುಕತೆಯ ಜೊತೆಗಾರ. ‘ನಿಜವಾದ ಹೆಸರೇನು’ ಎಂದು ಕೇಳಿ, ವಿದೇಶಿ ಹೆಸರುಗಳನ್ನು ಬರೆಯುವ ಕತಕಾನ ಲಿಪಿಯಲ್ಲಿ ಅದನ್ನು ಬರೆದು ತೋರಿಸಿದರಂತೆ.

ಆರನೇ ಭೇಟಿಯ ಹೊತ್ತಿಗೆ ರಾಜೀನಾಮೆ ಬದಲು ಮೂರು ವಾರದ ರಜೆಗೆ ಅರ್ಜಿ ಹಾಕಿದ್ದ. ಊಟ ಮತ್ತೆ ಎಲ್ಲರೊಡನೆ. ‘ಶಿಸ್ತಿಲ್ಲದ ಜನ’ ಎಂಬ ಮಾತು ಮಾತ್ರ ಇನ್ನೂ ನಿಂತಿಲ್ಲ.