ಬೋರ್‌ವೆಲ್ ನೀರಿನ ಸಂಶೋಧನೆಗೆ ದುಡ್ಡು ಎಲ್ಲಿ ಕೇಳೋದು?

ಪ್ರಶ್ನೆ: ಮೇಡಂ, ನಾನು ಬಾಗೇಪಲ್ಲಿ ಕಡೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಸಹಾಯಕ ಪ್ರಾಧ್ಯಾಪಕಿ. ಪಿಎಚ್.ಡಿ. ಆಗಿದೆ. ನೀರಿನ ಫ್ಲೋರೈಡ್ ಬಗ್ಗೆ ಪ್ರಾಜೆಕ್ಟ್‌ಗೆ ಅರ್ಜಿ ಹಾಕಿದ್ದೆ, ಸಿಗಲಿಲ್ಲ. ಸಾರಾಂಶ ಜೊತೆಗಿದೆ. ನಮ್ಮಲ್ಲಿ ದೊಡ್ಡ ಲ್ಯಾಬ್ ಇಲ್ಲ. ನಮ್ಮಂಥ ಕಾಲೇಜಿನವರಿಗೆ ದುಡ್ಡು ಕೊಡ್ತಾರಾ?

ಉತ್ತರ: ಕೊಡ್ತಾರೆ. ನಿಮ್ಮ ಅರ್ಜಿ ಬಿದ್ದಿರೋದು ಕಾಲೇಜು ಚಿಕ್ಕದು ಅಂತ ಅಲ್ಲ ಅನಿಸುತ್ತದೆ. ಜಿಲ್ಲೆಯ ನೀರನ್ನೆಲ್ಲ ಪರೀಕ್ಷೆ ಮಾಡ್ತೀನಿ ಅಂತ ಬರೆದಿದ್ದೀರಿ. ಮಾಡಿ ಏನು ತಿಳಿದುಕೊಳ್ತೀರಿ ಅನ್ನೋದು ಎಲ್ಲೂ ಇಲ್ಲ. ಅರ್ಜಿ ಓದುವವರ ಮೇಜಿನ ಮೇಲೆ ಫೈಲುಗಳ ರಾಶಿ ಇರುತ್ತದೆ. ಮೊದಲ ಪುಟದಲ್ಲೇ ಪ್ರಶ್ನೆ ಕಾಣಬೇಕು.

ಹೀಗೆ ಕೇಳಿ ನೋಡಿ: ಊರ ಕೆರೆ ತುಂಬಿದ ವರ್ಷ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇಳಿಯುತ್ತದೆಯೇ? ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಅದೇ ಬೋರ್‌ವೆಲ್‌ಗಳ ನೀರು ತೆಗೆಯಿರಿ. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಅನ್ನೋ ಗಡಿ ಇದ್ದೇ ಇದೆ, ಅದಕ್ಕೆ ಹೋಲಿಸಿ. ಬೆಂಗಳೂರಿನ ದೊಡ್ಡ ಸಂಸ್ಥೆಯವರು ಇದಕ್ಕೆ ಜೀಪು ಮಾಡಿಕೊಂಡು ಬರಬೇಕು. ನೀವು ಅಲ್ಲೇ ಇದ್ದೀರಿ. ಯಾವ ಬೋರ್ ಬತ್ತಿತು, ಯಾವುದನ್ನು ಇನ್ನೂ ಆಳಕ್ಕೆ ಕೊರೆಸಿದರು ಅಂತ ನಿಮ್ಮ ವಿದ್ಯಾರ್ಥಿಗಳೇ ಹೇಳ್ತಾರೆ. ಇದನ್ನು ಅರ್ಜಿಯಲ್ಲಿ ಧೈರ್ಯವಾಗಿ ಬರೆಯಿರಿ.

ಇನ್ನು ಬಜೆಟ್. ನೀರಿನಲ್ಲಿರುವ ಲೋಹಗಳ ಸಣ್ಣ ಅಂಶವನ್ನೂ ಅಳೆಯುವ ಐಸಿಪಿ-ಎಂಎಸ್ ಯಂತ್ರ ಕೇಳಿದ್ದೀರಿ. ಅದರಲ್ಲಿ ಫ್ಲೋರೈಡ್ ಅಳೆಯೋದೇ ಕಷ್ಟ, ವಿಷಯ ಗೊತ್ತಿರುವವರು ಅಲ್ಲೇ ಪೆನ್ನು ಕೆಳಗಿಡ್ತಾರೆ. ನಿಮಗೆ ಬೇಕಿರೋದು ಫ್ಲೋರೈಡ್ ಎಲೆಕ್ಟ್ರೋಡ್, ಅದರ ಮೀಟರ್, ಅಳತೆಗೆ ಮುಂಚೆ ನೀರಿಗೆ ಬೆರೆಸುವ ಟಿಸಾಬ್ ದ್ರಾವಣ, ಮತ್ತೆ ಪ್ಲಾಸ್ಟಿಕ್ ಬಾಟಲಿಗಳು. ಗಾಜಿನವು ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಲೋಹಗಳನ್ನೂ ನೋಡಬೇಕಾದರೆ ಐ-ಸ್ಟೆಮ್ ಪೋರ್ಟಲ್‌ನಲ್ಲಿ ಹುಡುಕಿ. ಸರ್ಕಾರದ ಹಣದಲ್ಲಿ ಕೊಂಡ ಯಂತ್ರಗಳು ಯಾವ ಸಂಸ್ಥೆಯಲ್ಲಿವೆ ಅಂತ ಅಲ್ಲಿ ಸಿಗುತ್ತದೆ. ಪರೀಕ್ಷಾ ಶುಲ್ಕವನ್ನು ಬಜೆಟ್‌ಗೆ ಸೇರಿಸಿ. ಹಳ್ಳಿ ಸುತ್ತಲು ಗಾಡಿ ಬಾಡಿಗೆ ಕೇಳಲು ಸಂಕೋಚ ಬೇಡ.

ಎಲ್ಲಿ ಕೇಳೋದು? ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ದರ್ಶನ ಸಮೂಹ, ಅಂದರೆ ವಿಜಿಎಸ್‌ಟಿಯಲ್ಲಿ ಯುವ ವಿಜ್ಞಾನಿಗಳಿಗೆ ಆರಂಭಿಕ ಹಣದ ಯೋಜನೆ ಇದೆ. ನಿಮ್ಮ ಪ್ರಶ್ನೆಯ ಅಳತೆಗೆ ಅದು ಸರಿ. ಕೇಂದ್ರದ್ದು ಎಎನ್‌ಆರ್‌ಎಫ್, ಅಂದರೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಹುಟ್ಟಿದ್ದು, ಮುಂಚೆ ಸಂಶೋಧನೆಗೆ ಹಣ ಕೊಡ್ತಿದ್ದ ಎಸ್‌ಇಆರ್‌ಬಿ ಮಂಡಳಿ ಈಗ ಅದರೊಳಗೇ ಸೇರಿದೆ. ಅಲ್ಲಿನ ಪ್ರಧಾನಮಂತ್ರಿ ಅರ್ಲಿ ಕರಿಯರ್ ಅನುದಾನದಲ್ಲಿ 3 ವರ್ಷಕ್ಕೆ 60 ಲಕ್ಷದವರೆಗೆ ಕೇಳಬಹುದು. ಆದರೆ ವಯಸ್ಸು, ಕೆಲಸಕ್ಕೆ ಸೇರಿದ ದಿನಾಂಕ, ಕಾಯಂ ಹುದ್ದೆ ಎಲ್ಲ ನೋಡ್ತಾರೆ. ಮೊದಲು ಅರ್ಹತೆಯ ಪುಟ ಓದಿ, ಆಮೇಲೆ ಬರೆಯಲು ಕೂರಿ.

ಸಂಸ್ಥೆಯ ಒಪ್ಪಿಗೆ ಪತ್ರಕ್ಕೆ ಪ್ರಿನ್ಸಿಪಾಲರ ಸಹಿ, ಮೊಹರು ಬೇಕು. ಕೊನೇ ದಿನ ಅವರು ಮೀಟಿಂಗ್‌ಗೆ ಹೋಗಿರ್ತಾರೆ, ಆದ್ದರಿಂದ ಮುಂಚೆಯೇ ತೆಗೆದುಕೊಳ್ಳಿ. ಕಚೇರಿಯ ಸೂಪರಿಂಟೆಂಡೆಂಟ್ ಜೊತೆಗೂ ಈಗಲೇ ಕೂತು ಮಾತಾಡಿ. ಹಣ ಬಂದ ಮೇಲೆ ಬಳಕೆ ಪ್ರಮಾಣಪತ್ರ ಸಕಾಲಕ್ಕೆ ಹೋಗದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಅದು ಅವರ ಕೈಯಿಂದಲೇ ಹೋಗಬೇಕು.