ಅಪ್ಪನಿಗೆ ಹಾಸ್ಪಿಸ್: ಯಾವುದು ಒಳ್ಳೆಯದು ಅಂತ ತಿಳಿಯುವುದು ಹೇಗೆ?

ಪ್ರಶ್ನೆ: ನನ್ನ ಅಪ್ಪನಿಗೆ 68 ವರ್ಷ. ತಿಪಟೂರಿನವರು, ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಅಮ್ಮ ಇಲ್ಲ. ಅಪ್ಪನಿಗೆ ಬಾಯಿ ಕ್ಯಾನ್ಸರ್. ಆಪರೇಷನ್, ರೇಡಿಯೇಷನ್ ಎಲ್ಲ ಆಗಿತ್ತು, ಈಗ ಮತ್ತೆ ಬಂದಿದೆ. ಕೆನ್ನೆಯಲ್ಲಿ ದೊಡ್ಡ ಗಾಯ, ವಾಸನೆ. ಮೂಗಿನ ಟ್ಯೂಬ್‌ನಲ್ಲಿ ಊಟ. ಮಾತು ತಿಳಿಯುವುದಿಲ್ಲ. ಡಾಕ್ಟರು "ಇನ್ನು ಟ್ರೀಟ್‌ಮೆಂಟ್ ಇಲ್ಲ, ಹಾಸ್ಪಿಸ್ ನೋಡಿ" ಅಂದುಬಿಟ್ಟರು. ಹಾಸ್ಪಿಸ್ ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಇಳಿಸಿ ನೋಡಿಕೊಳ್ಳುವ ಜಾಗವಂತೆ. ಬೆಂಗಳೂರಿನ ನಮ್ಮ ಸಣ್ಣ ಮನೆಯಲ್ಲಿದ್ದಾರೆ. ರಾತ್ರಿ ನೋವಿಗೆ ಗೋಡೆ ಗುದ್ದುತ್ತಾರೆ. ಬೆಳಿಗ್ಗೆ ಎದ್ದು ನಾನು ಕೆಲಸಕ್ಕೆ ಓಡಬೇಕು.

ಎರಡು ಕಡೆ ನೋಡಿ ಬಂದೆ. ಒಂದು ಹೊಸದು. ದಿನದ ಲೆಕ್ಕದಲ್ಲಿ ಚಾರ್ಜು, ಎಸಿ ರೂಮು, ರಿಸೆಪ್ಷನ್‌ನಲ್ಲಿ ಮೀನಿನ ತೊಟ್ಟಿ. "ಇವತ್ತೇ ಕರ್ಕೊಂಡು ಬನ್ನಿ, ನೋವಿದ್ರೆ ಇಂಜೆಕ್ಷನ್ ಕೊಡ್ತೀವಿ" ಅಂದರು. ಇನ್ನೊಂದು ಟ್ರಸ್ಟಿನದು. ದುಡ್ಡಿಲ್ಲ, ಹಳೇ ಕಟ್ಟಡ, ಜನರಲ್ ವಾರ್ಡು. ಬೆಡ್ ವಿಷಯ ಎತ್ತುವ ಮೊದಲೇ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಅಪ್ಪನಿಗೆ ಕಾಯಿಲೆ ಬಗ್ಗೆ ಏನು ಗೊತ್ತು, ಇಲ್ಲಿಗೆ ಬರಲು ಒಪ್ಪಿದ್ದಾರಾ, ಮನೆಯಲ್ಲಿ ಯಾರಿದ್ದಾರೆ ಅಂತೆಲ್ಲ. ನನಗೆ ಸಿಟ್ಟೇ ಬಂತು. ಅಮೆರಿಕದಲ್ಲಿರುವ ತಮ್ಮ "ಹೊಸದಕ್ಕೆ ಸೇರಿಸಕ್ಕಾ, ರಿವ್ಯೂ ಚೆನ್ನಾಗಿದೆ, ದುಡ್ಡು ನಾನು ಹಾಕ್ತೀನಿ" ಅನ್ನುತ್ತಾನೆ. ಊರಿನಲ್ಲಿರುವ ಸೋದರತ್ತೆ "ಮಕ್ಕಳಿದ್ದೂ ನಮ್ಮಣ್ಣನ್ನ ಅನಾಥನ ಥರ ಬಿಡ್ತೀರಾ" ಅಂತ ಅಳುತ್ತಾರೆ. ಅಪ್ಪ ಊರಿಗೆ ಹೋಗೋಣ ಅಂತ ಸನ್ನೆ ಮಾಡುತ್ತಾರೆ. ಏನು ಮಾಡಲಿ?
(ಹೆಸರು ಬೇಡ, ಬೆಂಗಳೂರು)

ಉತ್ತರ:

ಮೊದಲು ಗೋಡೆ ಗುದ್ದುವ ವಿಷಯ. ಹಾಸ್ಪಿಸ್ ಯಾವುದು ಅಂತ ತೀರ್ಮಾನ ಆಗುವವರೆಗೆ ಅದನ್ನು ಹಾಗೇ ಬಿಡಬೇಡಿ. ನಾಳೆಯೇ ಫೈಲು ಹಿಡಿದು ನೋವಿನ ವಿಭಾಗ ಇರುವ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇದೆ, ಬೇರೆ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಇರುತ್ತದೆ. "ರಾತ್ರಿ ನಿದ್ದೆ ಇಲ್ಲ, ಗೋಡೆ ಗುದ್ದುತ್ತಾರೆ" ಅಂತ ಹೀಗೇ ಹೇಳಿ. ಈ ಕಾಯಿಲೆಯ ನೋವನ್ನು ಬಹುಪಾಲು ಹಿಡಿತಕ್ಕೆ ತರಬಹುದು. ಕ್ಯಾನ್ಸರ್ ಅಂದಮೇಲೆ ನೋವು ಇದ್ದದ್ದೇ ಅಂತ ಸುಮ್ನೆ ಸಹಿಸಿಕೊಳ್ಳುವ ಅಗತ್ಯ ಇಲ್ಲ.

ಇನ್ನು ಆ ಎರಡು ಜಾಗ. ನಿಮಗೆ ಸಿಟ್ಟು ಬಂತಲ್ಲ, ಆ ಅರ್ಧ ಗಂಟೆಯ ಪ್ರಶ್ನೆಗಳು, ನನಗೆ ಹಿಡಿಸಿದ್ದು ಅವೇ. ಅಪ್ಪನ ಮುಖವನ್ನೇ ನೋಡದೆ "ಇವತ್ತೇ ಕರ್ಕೊಂಡು ಬನ್ನಿ" ಅನ್ನುವವರು ಬೆಡ್ ತುಂಬಿಸುತ್ತಿದ್ದಾರೆ. ಬರಲಿರುವವರಿಗೆ ಏನು ಗೊತ್ತು, ಅವರಿಗೆ ಮನಸ್ಸಿದೆಯಾ ಅಂತ ಕೇಳುವವರು ಆಗಲೇ ಕೆಲಸ ಶುರು ಮಾಡಿದ್ದಾರೆ. ಹಾಗಂತ ಟ್ರಸ್ಟಿನದೇ ಒಳ್ಳೆಯದು ಅಂತ ನಾನು ಇಲ್ಲಿಂದ ಹೇಳಲಾರೆ. ಚೆನ್ನಾಗಿ ಪ್ರಶ್ನೆ ಕೇಳಿ, ಕೆಟ್ಟದಾಗಿ ನೋಡಿಕೊಳ್ಳುವ ಜಾಗಗಳೂ ಇವೆ. ಆದರೆ ದುಡ್ಡು ತೆಗೆದುಕೊಳ್ಳುವುದಿಲ್ಲ ಅನ್ನುವ ಕಾರಣಕ್ಕೆ ಅದನ್ನು ಕೀಳಾಗಿ ಕಾಣಬೇಡಿ. ನಮ್ಮ ದೇಶದಲ್ಲಿ ಈ ಕೆಲಸ ಬೆಳೆದದ್ದೇ ದಾನದ ಮೇಲೆ. 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಅವೇದನಾ ನಮ್ಮ ದೇಶದ ಮೊದಲ ಹಾಸ್ಪಿಸ್. ನಮ್ಮ ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸ್ 1995ರಲ್ಲಿ ಮನೆಗಳಿಗೇ ಹೋಗಿ ನೋಡಿಕೊಳ್ಳುವ ತಂಡವಾಗಿ ಹೊರಟಿತು, ಹಾಸಿಗೆಗಳಿರುವ ಕಟ್ಟಡ ಬಂದದ್ದು 1999ರಲ್ಲಿ. ಎರಡೂ ಕಡೆ ರೋಗಿಗಳಿಂದ ದುಡ್ಡು ಪಡೆಯುವುದಿಲ್ಲ. ತಮ್ಮನಿಗೂ ಇದನ್ನು ಹೇಳಿ.

ರಿವ್ಯೂ ವಿಷಯಕ್ಕೆ ಬಂದರೆ, ಅವು ಬರೆದವರು ಹೆಚ್ಚಾಗಿ ಮಕ್ಕಳು, ಅಳಿಯಂದಿರು. ಪಾರ್ಕಿಂಗ್ ಚೆನ್ನಾಗಿದೆ, ಸ್ಟಾಫ್ ನಗುತ್ತಾ ಮಾತಾಡಿಸುತ್ತಾರೆ ಅಂತ ಬರೆದಿರುತ್ತಾರೆ. ಅಲ್ಲಿ ಮಲಗಿದ್ದವರು ಯಾರೂ ಬರೆದಿರುವುದಿಲ್ಲ.

ನೀವು ಹಗಲು ಹೋಗಿದ್ದೀರಿ. ಹಗಲು ಎಲ್ಲ ಕಡೆ ಡಾಕ್ಟರು ಇರುತ್ತಾರೆ, ನೆಲ ಒರೆಸಿರುತ್ತದೆ. ನಿಮ್ಮ ಅಪ್ಪನ ತೊಂದರೆ ಇರುವುದು ರಾತ್ರಿ. ಆದ್ದರಿಂದ ಎರಡೂ ಕಡೆಗೆ ಇನ್ನೊಮ್ಮೆ ಹೋಗಿ, ರಾತ್ರಿ ಎಂಟು ಗಂಟೆಯ ಮೇಲೆ, ಇಲ್ಲವೇ ಭಾನುವಾರ ಮಧ್ಯಾಹ್ನ. ಫೋನ್ ಮಾಡಿ ಹೇಳಿಯೇ ಹೋಗಿ, ಕಳ್ಳರ ಥರ ಬೇಡ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿರಿ. ಒಳಗೆ ಯಾರೋ ನರಳಿದರೆ ಯಾರಾದರೂ ಎದ್ದು ಹೋಗುತ್ತಾರಾ, ಎಷ್ಟು ಹೊತ್ತಿಗೆ ಹೋಗುತ್ತಾರೆ, ಹೋದವರು ಏನು ಮಾಡುತ್ತಾರೆ ನೋಡಿ. ರಾತ್ರಿ ಪಾಳಿಯಲ್ಲಿ ನರ್ಸ್ ಎಷ್ಟು ಜನ, ಆಯಾಗಳು ಎಷ್ಟು ಜನ ಅಂತ ಕೇಳಿ. ಆಯಾ ಬೇರೆ, ತರಬೇತಿ ಇರುವ ನರ್ಸ್ ಬೇರೆ. ಎಷ್ಟೋ ಕಡೆ ಒಂದೇ ಬಣ್ಣದ ಬಟ್ಟೆ ಹಾಕಿಸಿ ಎಲ್ಲರನ್ನೂ ಸಿಸ್ಟರ್ ಅನ್ನುತ್ತಾರೆ.

ಆ ನರ್ಸ್ ಹತ್ತಿರ ಒಂದು ಮಾತು ಕೇಳಿ: "ರಾತ್ರಿ ಎರಡು ಗಂಟೆಗೆ ನಮ್ಮಪ್ಪನಿಗೆ ನೋವು ಜಾಸ್ತಿಯಾದರೆ ನೀವೇನು ಮಾಡ್ತೀರಿ?" ಡಾಕ್ಟರು ಬೆಳಿಗ್ಗೆ ಬರುತ್ತಾರೆ ಅಂದರೆ ಎದ್ದು ಬನ್ನಿ. ಮಧ್ಯದಲ್ಲಿ ಕೊಡಬೇಕಾದ ಡೋಸು ಚಾರ್ಟಿನಲ್ಲೇ ಬರೆದಿರುತ್ತದೆ, ಕೊಡ್ತೀವಿ, ಇಳಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡ್ತೀವಿ ಅಂದರೆ ಆ ಮಾತಿಗೆ ತೂಕ ಇದೆ.

"ನೋವಿದ್ರೆ ಇಂಜೆಕ್ಷನ್ ಕೊಡ್ತೀವಿ" ಅನ್ನುವ ಮಾತು ನನಗೆ ಸರಿ ಕಾಣಲಿಲ್ಲ. ಇಂಥ ನೋವಿಗೆ ನೋವು ಬರಲಿ ಅಂತ ಕಾಯುವುದಿಲ್ಲ. ಗಡಿಯಾರ ನೋಡಿ ಕೊಡುತ್ತಾರೆ. ಜೋರು ನೋವಿಗೆ ಕೊಡುವ ಔಷಧಿ ಮಾರ್ಫಿನ್, ಅಫೀಮಿನಿಂದ ಬರುವಂಥದ್ದು. ಅದರ ಸಾದಾ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ. ಮಾರ್ಫಿನ್ ಇಟ್ಟಿದ್ದಾರಾ ಅಂತ ನೇರವಾಗಿ ಕೇಳಿ, ಮುಜುಗರ ಬೇಡ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳಲು ಹಲವು ಪರವಾನಗಿ ಬೇಕಾಗಿ ಎಷ್ಟೋ ಆಸ್ಪತ್ರೆಗಳು ಕೈಬಿಟ್ಟಿದ್ದವು. 2014ರ ತಿದ್ದುಪಡಿಯ ನಂತರ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಒಂದು ಮಾನ್ಯತೆ ಇದ್ದರೆ ಸಾಕು. ಸಾಯುವವರನ್ನು ನೋಡಿಕೊಳ್ಳುತ್ತೇವೆ ಅಂತ ಬೋರ್ಡು ಹಾಕಿಕೊಂಡು ಆ ಒಂದು ಮಾನ್ಯತೆಯನ್ನೂ ಪಡೆಯದವರು ನಡೆಸುತ್ತಿರುವುದು ಲಾಡ್ಜು. "ಅಭ್ಯಾಸ ಆಗಿಬಿಡುತ್ತೆ, ಅದಕ್ಕೆ ಕೊಡಲ್ಲ" ಅನ್ನುವ ಡಾಕ್ಟರ್ ಸಿಕ್ಕರೂ ಅಷ್ಟೇ. ಗೊತ್ತಿರುವವರ ಕೈಯಲ್ಲಿ, ನೋವಿಗೆ ತಕ್ಕಷ್ಟು ಕೊಟ್ಟಾಗ ಚಟದ ಭಯ ಬಹಳ ಕಡಿಮೆ.

ಮಾರ್ಫಿನ್ ಇದೆ ಅಂದರೆ ಮುಂದಿನ ಪ್ರಶ್ನೆ: "ಅದರ ಜೊತೆ ಮೋಷನ್‌ಗೆ ಏನು ಕೊಡ್ತೀರಿ?" ಮಾರ್ಫಿನ್ ತೆಗೆದುಕೊಂಡವರಲ್ಲಿ ಬಹುಪಾಲು ಜನರಿಗೆ ಮಲಬದ್ಧತೆ ಬರುತ್ತದೆ. ತಿಳಿದವರು ಮೊದಲ ದಿನದಿಂದಲೇ ಅದಕ್ಕೂ ಔಷಧಿ ಹಚ್ಚುತ್ತಾರೆ. ಈ ಪ್ರಶ್ನೆಗೆ ತಡವರಿಸಿದರೆ ಅವರಿಗೆ ಮಾರ್ಫಿನ್ ರೂಢಿ ಇಲ್ಲ ಅಂತಲೇ ಅರ್ಥ. ನಿಮ್ಮ ಅಪ್ಪನಿಗೆ ಟ್ಯೂಬ್ ಇದೆ, ಹಾಗಾಗಿ ಇನ್ನೊಂದು. ಮಾತ್ರೆ ಟ್ಯೂಬ್‌ನಲ್ಲಿ ಹೇಗೆ ಹಾಕುತ್ತೀರಿ ಅಂತ ಕೇಳಿ. ಸಾದಾ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕದಡಿ ಹಾಕಬಹುದು. ನಿಧಾನಕ್ಕೆ ಕರಗುವ ಎಸ್‌ಆರ್ ಮಾತ್ರೆಯನ್ನು ಪುಡಿ ಮಾಡಬಾರದು, ಹೊತ್ತಿನ ಮೇಲೆ ಹೊತ್ತು ಹೋಗಬೇಕಾದದ್ದು ಒಂದೇ ಸಲಕ್ಕೆ ಒಳಗೆ ಹೋಗಿಬಿಡುತ್ತದೆ. ಈ ವ್ಯತ್ಯಾಸ ಹೇಳಿದ ನರ್ಸ್ ಸಿಕ್ಕರೆ ನಿಮ್ಮ ಅರ್ಧ ಚಿಂತೆ ಇಳಿಯಿತು.

ಗಾಯದ ವಾಸನೆ ಬಗ್ಗೆ ಒಂದೇ ಪದ ಬರೆದು ಮುಂದೆ ಹೋಗಿದ್ದೀರಿ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಅದನ್ನು ಅನುಭವಿಸುತ್ತಿರುವವರು ಅಪ್ಪನೇ. ಜನ ಹತ್ತಿರ ಬಂದು ಮುಖ ಒಂದಿಷ್ಟು ಹಿಂದಕ್ಕೆ ತೆಗೆದರೂ ಅವರಿಗೆ ಗೊತ್ತಾಗುತ್ತದೆ. ಇದಕ್ಕೂ ದಾರಿ ಇದೆ. ಮೆಟ್ರೊನಿಡಜೋಲ್ ಅನ್ನುವ ತೀರಾ ಅಗ್ಗದ ಮಾತ್ರೆಯನ್ನು ಪುಡಿ ಮಾಡಿ ಗಾಯದ ಮೇಲೆ ಉದುರಿಸಿ ಡ್ರೆಸ್ಸಿಂಗ್ ಮಾಡುತ್ತಾರೆ, ಕೆಲವು ದಿನದಲ್ಲಿ ವಾಸನೆ ಗಣನೀಯವಾಗಿ ತಗ್ಗುತ್ತದೆ. ಡಾಕ್ಟರನ್ನು ಕೇಳಿ ಮನೆಯಲ್ಲೇ ಶುರು ಮಾಡಬಹುದು. ಹಾಸ್ಪಿಸ್‌ನಲ್ಲಿ ಡ್ರೆಸ್ಸಿಂಗ್ ಮಾಡುವಾಗ ಒಂದು ಸಲ ನಿಂತು ನೋಡಲು ಬಿಡಿ ಅಂತ ಕೇಳಿ. ಒಣಗಿ ಅಂಟಿದ ಬಟ್ಟೆಯನ್ನು ನೆನೆಸಿ ಬಿಡಿಸುತ್ತಾರೋ, ಕಿತ್ತು ತೆಗೆಯುತ್ತಾರೋ? ಡ್ರೆಸ್ಸಿಂಗ್‌ಗೆ ಮೊದಲು ನೋವಿನ ಔಷಧಿ ಕೊಟ್ಟು ಸ್ವಲ್ಪ ಹೊತ್ತು ಬಿಡುತ್ತಾರೋ ಇಲ್ಲವೋ? ಹುಳ ಬಿದ್ದರೆ ಏನು ಮಾಡ್ತೀರಿ ಅಂತಲೂ ಕೇಳಿ. ಕೇಳಲು ಕಷ್ಟ, ಗೊತ್ತು. ಬಾಯಿ ಕ್ಯಾನ್ಸರಿನ ಗಾಯದಲ್ಲಿ ಇದು ಆಗುತ್ತದೆ, ಆರೈಕೆ ಮಾಡುವವರಿಗೆ ಅದು ಗಾಬರಿಯ ವಿಷಯ ಅಲ್ಲ.

ಇನ್ನೂ ಕಷ್ಟದ ಒಂದು ಮಾತಿದೆ. ಕೆನ್ನೆ, ಕುತ್ತಿಗೆಯ ಗಾಯದಿಂದ ಕೆಲವರಿಗೆ ಇದ್ದಕ್ಕಿದ್ದಂತೆ ತುಂಬಾ ರಕ್ತ ಹೋಗುವುದುಂಟು. ಎಲ್ಲರಿಗೂ ಆಗುವುದಿಲ್ಲ. ಒಳ್ಳೆಯ ಜಾಗಗಳಲ್ಲಿ ಅದಕ್ಕೆ ಮೊದಲೇ ತಯಾರಿ ಇರುತ್ತದೆ. ಹಾಸಿಗೆಯ ಪಕ್ಕದಲ್ಲೇ ಗಾಢ ಬಣ್ಣದ, ಕಡುಹಸಿರೋ ಮರೂನೋ, ಟವೆಲುಗಳನ್ನು ಇಟ್ಟಿರುತ್ತಾರೆ. ಬಿಳಿ ಬಟ್ಟೆಯ ಮೇಲೆ ರಕ್ತ ನೋಡಿದರೆ ರೋಗಿಯೂ ಹೆದರುತ್ತಾರೆ, ಮನೆಯವರೂ ಹೆದರುತ್ತಾರೆ, ಅದಕ್ಕೆ. ಅಂಥ ಹೊತ್ತಿನಲ್ಲಿ ಗಾಬರಿ ಇಳಿಸುವ ಇಂಜೆಕ್ಷನ್ನೂ ಕೈಗೆ ಸಿಗುವಂತಿರುತ್ತದೆ. "ಬಣ್ಣದ ಟವೆಲು ಇಟ್ಟಿದ್ದೀರಾ?" ಅಂತ ಕೇಳಿದರೆ ಅರ್ಥವಾಗುವವರಿಗೆ ಥಟ್ ಅಂತ ಅರ್ಥವಾಗುತ್ತದೆ.

ಮಾತಾಡಿಸುವ ರೀತಿ ನೋಡಲು ಮಾತು ಬರುವ ರೋಗಿಗಿಂತ ಬಾರದವರ ಹಾಸಿಗೆ ಒಳ್ಳೆಯದು. ನಿಮ್ಮ ಅಪ್ಪನ ಮಾತು ತಿಳಿಯುವುದಿಲ್ಲ. ಅವರಿಗೆ ಒಂದು ಸ್ಲೇಟೋ ಪುಸ್ತಕ ಪೆನ್ನೋ ಕೊಡುತ್ತಾರಾ? ಅವರು ಬರೆದು ಮುಗಿಸುವವರೆಗೆ ನಿಂತಿರುತ್ತಾರಾ? ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ ಬೆರಳಲ್ಲಿ ತೋರಿಸಿ ಅಂತ ಅವರನ್ನೇ ಕೇಳುತ್ತಾರಾ, ಇಲ್ಲ ನಿಮ್ಮ ಕಡೆ ತಿರುಗಿ "ಪೇಷೆಂಟ್ ಹೇಗಿದ್ದಾರೆ?" ಅನ್ನುತ್ತಾರಾ? ಹೊಗೆಸೊಪ್ಪು ಹಾಕುತ್ತಿದ್ದವರಾದರೆ "ಯಾಕೆ ಹಾಕ್ಕೊಂಡ್ರಿ ಅಜ್ಜ" ಅಂತ ಬುದ್ಧಿ ಹೇಳುವವರೂ ಸಿಗುತ್ತಾರೆ. ಅಂಥ ಜಾಗ ಬೇಡವೇ ಬೇಡ.

ಅಪ್ಪನಿಗೆ ನಿಜ ಹೇಳಿಲ್ಲ ಅಂತ ನೀವು ಬರೆದಿಲ್ಲ, ಆದರೆ ಆ ಪ್ರಶ್ನೆಗೆ ಸಿಟ್ಟು ಬಂದದ್ದರಿಂದ ಊಹಿಸುತ್ತಿದ್ದೇನೆ. ಗಾಯ ದಿನಾ ಕನ್ನಡಿಯಲ್ಲಿ ಕಾಣುವವರಿಗೆ ಬಹಳಷ್ಟು ಗೊತ್ತಿರುತ್ತದೆ. ಊರಿಗೆ ಹೋಗೋಣ ಅನ್ನುವುದು ಸುಮ್ನೆ ಹಠ ಅಲ್ಲ ಅಂತ ನನಗನ್ನಿಸುತ್ತದೆ. ಎರಡೂ ಕಡೆ ಕೇಳಿ: "ಅಪ್ಪ ನೇರವಾಗಿ ಕೇಳಿದರೆ ಏನು ಹೇಳ್ತೀರಿ?" ಬಲವಂತವಾಗಿ ಹೇಳುವುದೂ ಇಲ್ಲ, ಸುಳ್ಳೂ ಹೇಳುವುದಿಲ್ಲ, ಮೊದಲು ಅವರಿಗೇನು ಗೊತ್ತಿದೆ ಕೇಳ್ತೀವಿ ಅನ್ನುವವರು ನಂಬಿಕೆಗೆ ಯೋಗ್ಯರು. ಕೊನೆಯಲ್ಲಿ ಐಸಿಯು ಬೇಕೋ ಬೇಡವೋ ಅನ್ನುವುದನ್ನೂ ಅಪ್ಪನೇ ಹೇಳಲಿ. ಸುಪ್ರೀಂ ಕೋರ್ಟಿನ 2018ರ ತೀರ್ಪು, 2023ರ ಸರಳ ನಿಯಮಗಳ ಪ್ರಕಾರ ತನ್ನ ಈ ಇಚ್ಛೆಯನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ದೂರದಲ್ಲಿರುವ ತಮ್ಮ ಕೊನೇ ಗಳಿಗೆಯಲ್ಲಿ ವೆಂಟಿಲೇಟರ್ ಹಾಕಿಸಿ ಅಂತ ಫೋನ್ ಮಾಡಿದರೆ ಅಪ್ಪನ ಕಾಗದ ನಿಮ್ಮ ಕೈಯಲ್ಲಿರುತ್ತದೆ.

ದಿನಾ ಡ್ರಿಪ್, ದಿನಾ ರಕ್ತಪರೀಕ್ಷೆ ಮಾಡುವ ಜಾಗ ಕಂಡರೆ ಯಾಕೆ ಅಂತ ಕೇಳಿ. ಕೊನೆಯ ದಿನಗಳಲ್ಲಿ ದೇಹಕ್ಕೆ ನೀರು ಹೆಚ್ಚಾದರೆ ಊತ, ಎದೆಯಲ್ಲಿ ಕಫ ಜಾಸ್ತಿಯಾಗಬಹುದು. ಬಿಲ್ಲಂತೂ ಜಾಸ್ತಿಯಾಗುತ್ತದೆ.

ಸೇರಿಸಿದ ಮೇಲೂ ಕಣ್ಣಿಟ್ಟಿರಿ. ಬೆನ್ನು, ಹಿಮ್ಮಡಿ ತಿರುಗಿಸಿ ನೋಡಿ, ಕೆಂಪಾಗಿದೆಯಾ ಅಂತ, ಮಲಗಿದಲ್ಲೇ ಮಲಗಿ ಹುಣ್ಣಾಗುವುದು ಹಾಗೆ ಶುರುವಾಗುತ್ತದೆ. ಮಾರ್ಫಿನ್ ಶುರುವಾದ ಎರಡು ಮೂರು ದಿನ ಮಂಪರು ಸಹಜ, ಅದಾದ ಮೇಲೂ ಯಾವಾಗ ಹೋದರೂ "ಮಲಗಿದ್ದಾರೆ" ಅಂದರೆ ಚಾರ್ಟ್ ತೋರಿಸಿ ಅನ್ನಿ. ತೋರಿಸಲು ಹಿಂಜರಿದರೆ ಜಾಗ ಬದಲಿಸಿ, ಸಂಕೋಚ ಮಾಡಿಕೊಳ್ಳಬೇಡಿ. ಬಾಯಿಗೆ ಎರಡು ಹನಿ ಗಂಗಾಜಲ ಬಿಡಲು, ರಾತ್ರಿಯಾದರೂ ಮನೆಯವರು ಪಕ್ಕದಲ್ಲಿರಲು ಬಿಡುತ್ತಾರಾ, ಡೆತ್ ಸರ್ಟಿಫಿಕೇಟಿನ ಕಾಗದ ಯಾರು ಕೊಡುತ್ತಾರೆ ಅನ್ನುವುದನ್ನೂ ಈಗಲೇ ಕೇಳಿಟ್ಟುಕೊಳ್ಳಿ.

ಉಳಿದದ್ದು ಅತ್ತೆಯ ಮಾತು, ಅಪ್ಪನ ಸನ್ನೆ. ಹಾಸ್ಪಿಸ್‌ಗೆ ಸೇರಿದವರು ಅಲ್ಲೇ ಇರಬೇಕು ಅಂತೇನಿಲ್ಲ. ಎಷ್ಟೋ ಜನ ನೋವು ಹಿಡಿತಕ್ಕೆ ಬರುವವರೆಗೆ ಇದ್ದು ಮನೆಗೆ ಹೋಗುತ್ತಾರೆ. ಆ ದಿನಗಳಲ್ಲಿ ಮನೆಯವರಿಗೆ ಟ್ಯೂಬ್, ಡ್ರೆಸ್ಸಿಂಗ್, ಮಗ್ಗುಲು ಬದಲಿಸುವುದು ಎಲ್ಲ ಕಲಿಸುತ್ತಾರೆ. ಅಪ್ಪನನ್ನು ತಿಪಟೂರಿಗೆ ಕಳಿಸಬಹುದಾ, ಎಷ್ಟು ದಿನದ ಮಾತ್ರೆ ಕೊಡ್ತೀರಿ, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೂ ಉಪಶಮನ ಆರೈಕೆ, ಅಂದರೆ ನೋವು, ತೊಂದರೆ ಇಳಿಸುವ ಇಂಥ ಆರೈಕೆ, ಅದರ ಬಗ್ಗೆ ವಿಚಾರಿಸಿ. ತಮ್ಮ ಕೊಡಲಿರುವ ದುಡ್ಡು ಎಸಿ ರೂಮಿಗಿಂತ ಊರಿನ ಮನೆಗೆ ಒಬ್ಬ ನರ್ಸ್, ಒಂದು ಏರ್ ಬೆಡ್‌ಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದಕ್ಕೆ ಮೊದಲು ಅತ್ತೆಯನ್ನು ಬೆಂಗಳೂರಿಗೆ ಕರೆಸಿಕೊಳ್ಳಿ. ರಾತ್ರಿ ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡ್ರೆಸ್ಸಿಂಗ್ ಅವರೂ ನೋಡಲಿ. ಆಮೇಲೆ ಊರಿನಲ್ಲಿ ಅಪ್ಪನ ಪಕ್ಕ ರಾತ್ರಿ ಯಾರು ಮಲಗುತ್ತಾರೆ ಅಂತ ಅವರನ್ನೇ ಕೇಳಿ.