ಸರ್ವರಿನಲ್ಲಿ ಓಡುವ ಸಾಫ್ಟ್‌ವೇರ್ ಹೊಸ ಆಫೀಸಿನ ಬೇರೆ ಕಂಪ್ಯೂಟರಿಗೆ ಯಾಕೆ ಸಿಗುತ್ತಿಲ್ಲ?

ಸರ್ವರಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಚೆನ್ನಾಗಿ ಓಡುತ್ತದೆ, ಪಕ್ಕದ ಟೇಬಲಿನ ಕಂಪ್ಯೂಟರಿನಲ್ಲಿ ಮಾತ್ರ ‘ಸರ್ವರ್ ಸಿಗುತ್ತಿಲ್ಲ’ ಅಂತ ಬರುತ್ತದೆ, ಅಲ್ವಾ? ಹಾಗಾದರೆ ಸುಮ್ನೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ತೊಂದರೆ ಬಹುಶಃ ನಡುವಿನ ದಾರಿಯಲ್ಲಿದೆ.

ಮೊದಲು ಎರಡರಲ್ಲೂ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರಿನ ವಿಳಾಸ, ನೋಡಿ. ಒಂದು 192.168.0, ಇನ್ನೊಂದು 192.168.1 ಅಂತ ಶುರುವಾದರೆ ಅವು ಬೇರೆ ಬೇರೆ ರೂಟರಿಗೆ ಸೇರಿರಬಹುದು, ಇಲ್ಲವೇ ಹಳೇ ಆಫೀಸಿನ ಐಪಿ ಹಾಗೇ ಉಳಿದಿರಬಹುದು. 169.254 ಅಂತಿದ್ದರೆ ರೂಟರಿನಿಂದ ಐಪಿಯೇ ಬಂದಿಲ್ಲ, ಕೇಬಲ್ ನೋಡಿ.

ಐಪಿ ಸರಿ ಇದ್ದರೆ ಮುಂದೆ ನೋಡಬೇಕಾದ್ದು ಫೈರ್‌ವಾಲ್, ಅಂದರೆ ಹೊರಗಿನಿಂದ ಬರುವ ಸಂಪರ್ಕ ತಡೆಯುವ ಕಾವಲು. ಹೊಸ ನೆಟ್‌ವರ್ಕ್ ಕಂಡರೆ ವಿಂಡೋಸ್ ಅದನ್ನು ‘ಪಬ್ಲಿಕ್’ ಅಂತ ಇಟ್ಟುಕೊಂಡು ಬಾಗಿಲು ಹಾಕಿಬಿಡುತ್ತದೆ. ಸರ್ವರಿನಲ್ಲಿ ಅದನ್ನು ‘ಪ್ರೈವೇಟ್’ ಮಾಡಿ, ಬೇಕಾದ ಪೋರ್ಟಿಗೆ (ಸಾಫ್ಟ್‌ವೇರ್ ಸಂಪರ್ಕಕ್ಕೆ ಬಳಸುವ, ನಂಬರ್ ಇರುವ ಬಾಗಿಲು) ಮಾತ್ರ ಅನುಮತಿ ಕೊಡಿ. ಫೈರ್‌ವಾಲ್ ಪೂರ್ತಿ ಆಫ್ ಮಾಡುವ ಬುದ್ಧಿವಂತಿಕೆ ಬೇಡ.

ನಾನು ಎಡವಿದ್ದು ಇದಾದ ಮೇಲೆ. ಪಿಂಗ್ (ಇನ್ನೊಂದು ಯಂತ್ರ ಉತ್ತರ ಕೊಡುತ್ತದಾ ಅಂತ ನೋಡುವ ಪರೀಕ್ಷೆ) ಹೋಗುತ್ತಿತ್ತು, ಹಾಗಾಗಿ ನೆಟ್‌ವರ್ಕ್ ಸರಿ ಇದೆ ಅಂದುಕೊಂಡು ಅರ್ಧ ದಿನ ಪಾಸ್‌ವರ್ಡ್ ಬದಲಿಸುತ್ತಾ ಕೂತೆ. ಪಿಂಗ್ ಬಂದರೆ ಯಂತ್ರ ಸಿಕ್ಕಿತು ಅಂತ ಅಷ್ಟೇ, ಪೋರ್ಟ್ ತೆರೆದಿದೆ ಅಂತಲ್ಲ. ನಿಮ್ಮ ಸಾಫ್ಟ್‌ವೇರ್ ಮಾಹಿತಿ ಇಡುವ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಆಗಿದ್ದರೆ, ಅದನ್ನು ಹಾಕಿದಾಗ ಟಿಸಿಪಿ/ಐಪಿ, ಅಂದರೆ ನೆಟ್‌ವರ್ಕ್ ಮೂಲಕ ಮಾತಾಡುವ ವಿಧಾನ, ಆಫ್ ಆಗೇ ಇರುತ್ತದೆ. ಅದರ ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಟಿಸಿಪಿ/ಐಪಿಯನ್ನು ಆನ್ ಮಾಡಿ, ಪೋರ್ಟ್ 1433 ಅಂತ ಬರೆದು, ಸರ್ವೀಸನ್ನು ರೀಸ್ಟಾರ್ಟ್ ಮಾಡಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ಪೋರ್ಟ್ 5432, ಅದೂ ಮೊದಲಿಗೆ ತನ್ನದೇ ಯಂತ್ರದ ಮಾತು ಮಾತ್ರ ಕೇಳುತ್ತದೆ.

ಎಲ್ಲಾ ಆದಮೇಲೆ ರೂಟರಿನಲ್ಲಿ ಸರ್ವರಿಗೆ ಒಂದೇ ಐಪಿ ಕಾಯಂ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗಿ ಮತ್ತೆ ಇದೇ ಕಥೆ.